ಕೂತವರ ಅಳತೆ

ಯಂತ್ರ ಬಂದ ದಿನ ಕಾರ್ಖಾನೆಯ ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ತೆಗೆಯಬೇಕಾಯಿತು. ಹನ್ನೆರಡು ಜನ ಸೇರಿ "ಎಳಿ, ತಡಿ, ಇನ್ನೊಂಚೂರು ಎಡಕ್ಕೆ" ಎಂದು ಗಂಟಲು ಹರಿದುಕೊಳ್ಳುತ್ತ ಅದನ್ನು ಒಳಗೆ ತಳ್ಳಿದರು. ಎರಡು ಮಂಚದಷ್ಟು ಅಗಲ, ನಾಲ್ಕು ಮಂಚದಷ್ಟು ಉದ್ದ. ಮೇಲೆ ಅತ್ತಿಂದಿತ್ತ ಓಡಾಡುವ ಕಬ್ಬಿಣದ ತೋಳು, ಅದರ ತುದಿಯಲ್ಲಿ ಕಿರುಬೆರಳಿನಷ್ಟು ಅಲಗು. ಥಾನುಗಟ್ಟಲೆ ಬಟ್ಟೆ ನುಂಗುವ ಅದಕ್ಕೆ ಹೊಲಿಗೆಯ ಹೆಂಗಸರು ಸಂಜೆಯೊಳಗೆ ಹೆಸರಿಟ್ಟೂ ಆಗಿತ್ತು: ಬಕಾಸುರ.

ಬಕಾಸುರನಿಗೆ ಜಾಗ ಬೇಕಲ್ಲ? ಬಟ್ಟೆ ಕತ್ತರಿಸುವ ಮಾಸ್ಟರಮ್ಮನ ಮೇಜನ್ನು ಇಸ್ತ್ರಿ ಕೋಣೆಯ ಪಕ್ಕದ ಮೂಲೆಗೆ ಸರಿಸಿದರು. ಮೂವತ್ತೊಂದು ವರ್ಷ ಆ ಮೇಜು ದೊಡ್ಡ ಕಿಟಕಿಯ ಬುಡದಲ್ಲಿತ್ತು. ಶಾಲೆ, ಆಸ್ಪತ್ರೆ, ಹೋಟೆಲುಗಳ ಸಮವಸ್ತ್ರ ಹೊಲಿಯುವ ಆ ಕಾರ್ಖಾನೆಯಲ್ಲಿ ಮಾಸ್ಟರಮ್ಮನ ಕತ್ತರಿ ದಾಟದೆ ಒಂದು ತುಂಡೂ ಹೊಲಿಗೆಗೆ ಹೋದದ್ದಿಲ್ಲ. ಬಾಗಿಲಲ್ಲಿ ನಿಂತವರನ್ನು ಒಂದು ಸಲ ನೋಡಿದರೆ ಸಾಕು, "ಎದೆ ಮೂವತ್ತೆಂಟು, ಎಡ ಭುಜ ಅರ್ಧ ಇಂಚು ಇಳಿಜಾರು" ಎಂದುಬಿಡುತ್ತಿದ್ದಳು. ಟೇಪು ಹಿಡಿದು ನೋಡಿದರೆ ಟೇಪೇ ನಾಚಿಕೊಳ್ಳಬೇಕು, ಹಾಗಿರುತ್ತಿತ್ತು ಲೆಕ್ಕ.

ಯಜಮಾನರು ಕೆಟ್ಟವರಲ್ಲ. ಹೇಳಬೇಕಾದ್ದನ್ನು ಅಳೆದೂ ಸುರಿದೂ ಕೊನೆಗೆ ಹೇಳಿದರು. "ಮಾಸ್ಟರಮ್ಮ, ಬೇಜಾರು ಮಾಡ್ಕೋಬೇಡಿ. ನಾಳೆಯಿಂದ ಗುಂಡಿ, ಕಾಜಾ ವಿಭಾಗ ನೋಡ್ಕೊಳ್ಳಿ. ಕೂತು ಮಾಡೋ ಕೆಲಸ. ನಿಮಗೂ ಮಂಡಿ ನೋವು."

"ನೋವಿರೋದು ಮಂಡಿಗೆ ಯಜಮಾನ್ರೇ, ಕೈಗಲ್ಲ," ಎಂದಳು ಮಾಸ್ಟರಮ್ಮ. ಎಂದವಳು ಗುಂಡಿಯ ಡಬ್ಬಿಗಳನ್ನು ಎತ್ತಿಕೊಂಡು ಹೋಗಿ ಕೂತಳು. ಐವತ್ತಾರರ ವಯಸ್ಸಿನಲ್ಲಿ ಜಗಳ ಕಾಯುತ್ತ ನಿಲ್ಲುವುದು ಅವಳಿಗೆ ಹಿಡಿಸದ ಸಂಗತಿ.

ಅವಳಿಗೆ ನಿಜವಾಗಿ ಚುಚ್ಚಿದ್ದು ಮಾರನೆಯ ದಿನ. ಬಕಾಸುರ ಕತ್ತರಿಸಿದ ಮೊದಲ ಕಟ್ಟಿನಿಂದ ಒಂದು ಕಾಲರ್ ಎತ್ತಿ ಬೆಳಕಿಗೆ ಹಿಡಿದಳು. ಅಂಚು ಕೂದಲಿನಷ್ಟೂ ಆಚೀಚೆ ಇಲ್ಲ. ಕೆಳಗಿನ ಪದರದ ಕಾಲರ್ ತೆಗೆದಳು. ಅದೂ ಹಾಗೇ. ಅವಳಿಗೆ ಎರಡು ದಿನ ಹಿಡಿಯುತ್ತಿದ್ದ ಕೆಲಸ, ಚಹಾ ಆರುವುದರೊಳಗೆ ಮುಗಿದಿತ್ತು. ಕೆಟ್ಟದಾಗಿ ಕತ್ತರಿಸಿದ್ದರೆ ಬೈದುಕೊಂಡು ಹಗುರವಾಗಬಹುದಿತ್ತು. ಚೆನ್ನಾಗಿ ಕತ್ತರಿಸಿದ್ದನ್ನು ಏನೆಂದು ಬೈಯುವುದು?

ಯಂತ್ರದ ಜೊತೆಗೇ ಬಂದವಳು ಒಬ್ಬ ಹುಡುಗಿ. ಕಂಪ್ಯೂಟರಿನಲ್ಲಿ ಮಾದರಿ ಬರೆದು, ಬಟ್ಟೆಯ ಮೇಲೆ ಹೇಗೆ ಜೋಡಿಸಬೇಕೆಂದು ಯಂತ್ರಕ್ಕೆ ಹೇಳುವ ಆಪರೇಟರ್. ಇಪ್ಪತ್ತನಾಲ್ಕು ವರ್ಷ, ಕಾಲೇಜಿನಲ್ಲಿ ಕಲಿತವಳು. ಇಡೀ ದಿನ ಟಕ್ ಟಕ್ ಎನ್ನಿಸುತ್ತಿದ್ದುದರಿಂದ ಕ್ಲಿಕ್ಕಮ್ಮ ಎಂಬ ಹೆಸರು ಬಿತ್ತು. ಅವಳೇನೂ ಮುನಿಸಿಕೊಳ್ಳಲಿಲ್ಲ.

ಮೂರನೆಯ ವಾರ ಹೋಟೆಲೊಂದರ ಬಾಗಿಲು ಕಾಯುವವರ ಕೋಟಿಗೆಂದು ಕಡುಗಪ್ಪು ಮಖಮಲ್ಲು ಬಂತು. ಗುಂಡಿಯ ಮಾದರಿ ಕೇಳಲೆಂದು ಬಂದ ಮಾಸ್ಟರಮ್ಮ ಪರದೆಯನ್ನು ನೋಡಿ ಅಲ್ಲೇ ನಿಂತಳು. ಬಟ್ಟೆ ಉಳಿಸಲೆಂದು ಕ್ಲಿಕ್ಕಮ್ಮ ತುಂಡುಗಳನ್ನು ಒತ್ತೊತ್ತಾಗಿ, ಒಂದರ ತಲೆ ಇನ್ನೊಂದರ ಕಾಲಿಗೆ ಬರುವಂತೆ ಜೋಡಿಸಿದ್ದಳು. ಅವಳ ಬೆರಳು ಯಂತ್ರ ಓಡಿಸುವ ಗುಂಡಿಯ ಮೇಲಿತ್ತು.

"ನಿಲ್ಸು! ಒತ್ಬೇಡ!"

ಹುಡುಗಿ ಬೆಚ್ಚಿ ಕೈ ಹಿಂದೆಗೆದುಕೊಂಡಳು. "ಯಾಕೆ ಮಾಸ್ಟರಮ್ಮ? ನೂರಕ್ಕೆ ತೊಂಬತ್ತಮೂರು ಪಾಲು ಬಟ್ಟೆ ಉಪಯೋಗ ಆಗಿದೆ, ನೋಡಿ ಬೇಕಾದ್ರೆ."

ಮಾಸ್ಟರಮ್ಮ ಅವಳ ಅಂಗೈ ಹಿಡಿದು ಮಖಮಲ್ಲಿನ ಮೇಲೆ ಇಟ್ಟಳು. ಮೇಲಿನಿಂದ ಕೆಳಕ್ಕೆ ಸವರಿಸಿದಳು, ನುಣುಪು. ಕೆಳಗಿನಿಂದ ಮೇಲಕ್ಕೆ ಸವರಿಸಿದಳು, ಒರಟು. "ಬೆಕ್ಕಿನ ಮೈ ಇದ್ದ ಹಾಗೆ ಇದು. ಎಳೆಗೆ ಒಂದು ದಿಕ್ಕಿದೆ. ನೀನು ತಲೆಕೆಳಗು ಮಾಡಿದ ತುಂಡು ಬೂದಿ ಬಣ್ಣಕ್ಕೆ ಕಾಣುತ್ತೆ. ಅರ್ಧ ಕೋಟು ಕಪ್ಪು, ಅರ್ಧ ಬೂದಿ. ಬಾಗಿಲು ಕಾಯೋನು ಮಸಿ ಒರೆಸೋ ಬಟ್ಟೆ ಹೊದ್ದ ಹಾಗೆ ನಿಂತಿರ್ತಾನೆ."

ಕ್ಲಿಕ್ಕಮ್ಮ ಮಖಮಲ್ಲನ್ನು ಇನ್ನೊಮ್ಮೆ, ಮತ್ತೊಮ್ಮೆ ಸವರಿದಳು. "ನಮಗೆ ಇದನ್ನ ಯಾರೂ ಹೇಳಿಕೊಡ್ಲೇ ಇಲ್ಲ. ನಾವು ಬಟ್ಟೆ ಮುಟ್ಟಿದ್ದೇ ಕಮ್ಮಿ."

"ಮುಟ್ಟೋದು ನಾನು ಹೇಳಿಕೊಡ್ತೀನಿ," ಎಂದಳು ಮಾಸ್ಟರಮ್ಮ. ಆಮೇಲೆ, ಬಾಯಿಂದ ಹೊರಬಿದ್ದದ್ದು ತನಗೇ ಆಶ್ಚರ್ಯವೆಂಬಂತೆ, "ನೀನು ನನಗೆ ಆ ಇಲಿ ಹಿಡಿಯೋದು ಹೇಳಿಕೊಡು," ಎಂದಳು.

ಇಲಿ ಹಿಡಿಯುವುದು ಸುಲಭವಾಗಿರಲಿಲ್ಲ. ಸೀಮೆಸುಣ್ಣದಿಂದ ಒಂದೇ ಎಳೆತಕ್ಕೆ ಕಂಕುಳಿನ ಬಾಗು ಬರೆಯುತ್ತಿದ್ದ ಕೈ, ಮೌಸ್ ಹಿಡಿದರೆ ಗಡಗಡ. ಪರದೆಯ ಮೇಲಿನ ಬಾಣ ಒಂದು ಮೂಲೆಯಿಂದ ಇನ್ನೊಂದಕ್ಕೆ ಹಾರುತ್ತಿತ್ತು. ಇಸ್ತ್ರಿಪೆಟ್ಟಿಗೆ ಎತ್ತಿದ ಹಾಗೆ ಮೌಸನ್ನು ಗಾಳಿಯಲ್ಲಿ ಎತ್ತಿಬಿಡುತ್ತಿದ್ದಳು. ಕಾಜಾ ಹಾಕುವ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ನಗ್ರೇ, ನಗಿ. ನೀವು ಮೊದಲ್ನೇ ದಿನ ಹೊಲಿದ ಕಾಜಾ ನಾನು ಮರೆತಿಲ್ಲ. ಗುಂಡಿ ಏನು, ತೆಂಗಿನಕಾಯಿ ತೂರ್ತಿತ್ತು," ಎಂದಳು ಮಾಸ್ಟರಮ್ಮ. ನಗು ಇನ್ನೂ ಹೆಚ್ಚಾಯಿತು, ಆದರೆ ಈಗ ಅವಳೂ ಅದರಲ್ಲಿ ಸೇರಿದ್ದಳು.

ಕ್ಲಿಕ್ಕಮ್ಮ ತನ್ನ ಹಳೆಯ ಲ್ಯಾಪ್‌ಟಾಪ್ ಕೊಟ್ಟು ಕಳಿಸಿದಳು. ಮನೆಯಲ್ಲಿ ಇದ್ದದ್ದು ಮಾಸ್ಟರಮ್ಮನ ಗಂಡ ಒಬ್ಬರೇ. ಕೈಗಡಿಯಾರ ರಿಪೇರಿ ಮಾಡುತ್ತಿದ್ದವರು. ಜನ ಫೋನಿನಲ್ಲೇ ಹೊತ್ತು ನೋಡತೊಡಗಿದ ಮೇಲೆ ಅಂಗಡಿ ಮುಚ್ಚಿ ಆರು ವರ್ಷವಾಗಿತ್ತು.

"ನನ್ನ ಕಸುಬು ನುಂಗಿದ್ದು ಇದೇ ವಂಶ. ಇದನ್ನ ಮನೆ ಒಳಗೇ ಕರ್ಕೊಂಡು ಬಂದ್ಯಾ?" ಎಂದರು ಅವರು.

"ಕಚ್ಚೋದಿಲ್ಲ ಕಣ್ರೀ. ಕನ್ನಡಕ ಹಾಕ್ಕೊಂಡು ಬನ್ನಿ, ಅಕ್ಷರ ಚಿಕ್ಕದಿದೆ."

ಬಂದರು. ಬೈಯುತ್ತಲೇ ಬಂದರು. ಮಾದರಿ ಬರೆಯುವ ಪಾಠಗಳು ಫೋನಿನಲ್ಲಿ ಬೇಕಾದಷ್ಟಿದ್ದವು. ಕಲಿಸುವವರು ಯಾವುದೋ ದೇಶದವರು, ಮಾತು ಯಾವುದೋ. ಆದರೆ ಫೋನು ಅದನ್ನು ಇವರ ಭಾಷೆಗೆ ತಿರುಗಿಸಿ ಓದಿ ಹೇಳುತ್ತಿತ್ತು. ತಿರುಗಿಸುವುದೂ ಹೇಗೆ! "ಈಗ ಸೊಂಟಕ್ಕೆ ಎರಡು ಬಾಣಗಳನ್ನು ಬಿಡಿ," ಎಂದಿತು ಒಂದು ದಿನ.

"ಇವಳೇ, ನೀನು ಪ್ಯಾಂಟು ಹೊಲೀತಿದೀಯೋ, ಯುದ್ಧಕ್ಕೆ ಹೊರಟಿದೀಯೋ?" ಎಂದರು ಗಡಿಯಾರದವರು.

ಮಾಸ್ಟರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸೊಂಟದ ಬಳಿ ಬಟ್ಟೆಯನ್ನು ಚೂಪಾಗಿ ಮಡಿಸಿ ಹೊಲಿಯುವುದಕ್ಕೆ ಆ ದೇಶದವರು ಬಾಣವೆನ್ನುತ್ತಾರೆ ಎಂದು ಚಿತ್ರ ನೋಡಿದ ತಕ್ಷಣ ಅವಳಿಗೆ ಹೊಳೆದಿತ್ತು. ಮಾತು ಅರ್ಧ ಅರ್ಥವಾದರೂ ಕೆಲಸ ಪೂರ್ತಿ ಅರ್ಥವಾಗುತ್ತಿತ್ತು. ಐದನೆಯ ತರಗತಿಗೆ ಶಾಲೆ ಬಿಟ್ಟವಳು ಅವಳು. ಪಾಠ ಬೇಗ ಓಡಿತೆಂದು ಮೇಷ್ಟ್ರಿಗೆ ಹೇಳುವ ಧೈರ್ಯ ಆಗ ಇರಲಿಲ್ಲ. ಇಲ್ಲಿ ಬೆರಳೊತ್ತಿ ಎಂಟು ಸಲ, ಹತ್ತು ಸಲ ಹಿಂದಕ್ಕೆ ಹೋಗಬಹುದಿತ್ತು. ಮೇಷ್ಟ್ರು ಸಿಟ್ಟಾಗುತ್ತಿರಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ, ಅಂಗಿಯ ತೋಳಿನ ಉದ್ದದ ಅಂಕಿಯೊಂದನ್ನು ಬದಲಿಸಿದಳು. ಪರದೆಯ ಮೇಲಿನ ತೋಳು ತಾನೇ ಉದ್ದವಾಯಿತು. ಅದಕ್ಕೆ ತಕ್ಕಂತೆ ಕಂಕುಳಿನ ಬಾಗು ಸರಿಯಿತು, ಮುಂಗೈ ಪಟ್ಟಿ ಸರಿಯಿತು. ಕೈಯಲ್ಲಾದರೆ ಹೊಸ ರಟ್ಟು ತಂದು ಮೊದಲಿಂದ ಬರೆಯಬೇಕಿತ್ತು. ಮಾಸ್ಟರಮ್ಮ ಊಟದ ಡಬ್ಬಿ ಮರೆತು ಸಂಜೆಯವರೆಗೂ ಅಂಕಿ ಬದಲಿಸುತ್ತ ಕೂತಳು. ಈ ಬಕಾಸುರನಿಗೆ ಒಂದೇ ಬಗೆಯ ನೂರು ಅಂಗಿ ಕತ್ತರಿಸುವುದೂ, ನೂರು ಬಗೆಯ ನೂರು ಅಂಗಿ ಕತ್ತರಿಸುವುದೂ ಒಂದೇ ಶ್ರಮ ಎಂಬುದು ಅವಳಿಗೆ ಹೊಳೆಯಿತು. ಅದನ್ನು ಕೊಂಡುಕೊಂಡವರಿಗೇ ಈ ಗುಟ್ಟು ಗೊತ್ತಿರಲಿಲ್ಲ.

ಗೊತ್ತಾಗುವ ಕಾಲವೂ ಬಂತು. ಗಾಲಿಕುರ್ಚಿಯಲ್ಲಿ ಓಡಾಡುವ ಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ ಒಂದು ಬೆಳಿಗ್ಗೆ ಯಜಮಾನರ ಕೋಣೆಗೆ ಬಂದರು. ಮೂವತ್ತೆಂಟು ಮಕ್ಕಳು. ಇನ್ನು ನಲವತ್ತು ದಿನಕ್ಕೆ ಎಲ್ಲ ಶಾಲೆಗಳ ಕ್ರೀಡಾಕೂಟ. ಈ ವರ್ಷ ಮೊದಲ ಬಾರಿ ಆ ಮಕ್ಕಳೂ ಸಾಲಾಗಿ ಮೈದಾನ ಸುತ್ತಿ ಬರಲಿದ್ದರು.

"ನಾಲ್ಕು ಕಡೆ ಕೇಳಿ ಬಂದೆ. ನಿಂತವರ ಬಟ್ಟೆನೇ ಎಲ್ರೂ ಕೊಡ್ತಾರೆ. ಕೂತರೆ ಪ್ಯಾಂಟು ಹಿಂದೆ ಜಾರುತ್ತೆ, ಹೊಟ್ಟೆ ಹತ್ರ ಗಂಟು ಕಟ್ಟುತ್ತೆ. ನಮ್ಮ ಮಕ್ಕಳು ಹೊದಿಕೆ ಮುಚ್ಕೊಂಡು ಕೂರ್ತಾರೆ," ಎಂದರು ಅವರು.

ಯಜಮಾನರು ತಲೆ ಕೆರೆದುಕೊಂಡರು. "ನಮ್ಮಲ್ಲಿ ಐದು ಸೈಜು ಇದೆ ಟೀಚರ್. ಮೂವತ್ತೆಂಟು ಮಕ್ಕಳಿಗೆ ಮೂವತ್ತೆಂಟು ಮಾದರಿ ಅಂದ್ರೆ ಒಂದು ವರ್ಷ ಬೇಕು."

ಗುಂಡಿ ತೋರಿಸಲು ಬಂದಿದ್ದ ಮಾಸ್ಟರಮ್ಮ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದಳು. "ನಾನು ಮಾಡ್ತೀನಿ ಯಜಮಾನ್ರೇ. ನಲವತ್ತು ದಿನದಲ್ಲಿ."

"ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಮಾಸ್ಟರಮ್ಮ."

"ಅವರವರ ಕಾಲಿಗೆ ತಕ್ಕ ಹಾಸಿಗೆ ಕತ್ತರಿಸೋಕೆ ತಾನೇ ಬಾಗಿಲು ಕಿತ್ತು ಅದನ್ನ ಒಳಗೆ ತಂದಿರೋದು?"

ಯಜಮಾನರು ಅವಳನ್ನೂ, ಅವಳ ಹಿಂದೆ ಬಂದು ನಿಂತಿದ್ದ ಕ್ಲಿಕ್ಕಮ್ಮನನ್ನೂ ನೋಡಿದರು. "ಆಯ್ತು. ಕ್ರೀಡಾಕೂಟದ ದಿನ ಮಕ್ಕಳ ಮುಂದೆ ನನ್ನ ಮರ್ಯಾದೆ ತೆಗೀಬೇಡಿ," ಎಂದರು.

ಇಬ್ಬರೂ ಬಸ್ಸು ಹತ್ತಿ ಆ ಶಾಲೆಗೆ ಹೋದರು. ಮೊದಲು ಎದುರಾದವಳು ಹನ್ನೊಂದು ವರ್ಷದ ಒಬ್ಬಳು ಹುಡುಗಿ. ಎಲ್ಲರಿಗಿಂತ ವೇಗವಾಗಿ ಗಾಲಿ ತಿರುಗಿಸುತ್ತಿದ್ದುದರಿಂದ ಅವಳನ್ನು ಬುಗುರಿ ಎಂದು ಕರೆಯುತ್ತಿದ್ದರು. ಅವಳ ಬಾಯಿಯೂ ಅಷ್ಟೇ ವೇಗ.

"ಟೈಲರಜ್ಜಿ, ನನ್ನ ಜೇಬು ಎಲ್ಲಿದೆ ಹೇಳಿ ನೋಡೋಣ?"

ಜೇಬು ಸೊಂಟದ ಪಕ್ಕ, ಕುರ್ಚಿಯ ಕೈಗೂ ಮೈಗೂ ನಡುವೆ ಸಿಕ್ಕಿಕೊಂಡಿತ್ತು. ಅಲ್ಲಿಗೆ ಬೆರಳೂ ತೂರುವಂತಿರಲಿಲ್ಲ. ತೋಳಿನ ತುದಿ ಗಾಲಿಗೆ ಉಜ್ಜಿ ಕಪ್ಪಾಗಿತ್ತು.

"ಎಲ್ಲಿ ಬೇಕು ನಿನಗೆ?"

"ತೊಡೆ ಮೇಲೆ. ಮತ್ತೆ ಇನ್ನೊಂದು. ಕೋಟು ನಾನೇ ಹಾಕ್ಕೋಬೇಕು. ದಿನಾ ಟೀಚರೇ ಹಾಕ್ತಾರೆ, ನಾನೇನು ಗೊಂಬೆನಾ?"

ಮೂರು ದಿನ ಅಳತೆ ನಡೆಯಿತು. ಮೂವತ್ತೊಂದು ವರ್ಷ ಎಲ್ಲರಿಗೂ "ನೆಟ್ಟಗೆ ನಿಂತ್ಕೊಳ್ಳಿ" ಎನ್ನುತ್ತ ಬಂದವಳು, ಈಗ ತಾನೇ ನೆಲದ ಮೇಲೆ ಮಂಡಿಯೂರಿ ಟೇಪು ಹಿಡಿದಳು. ಒಬ್ಬನ ಬೆನ್ನು ಬಲಕ್ಕೆ ಬಾಗಿತ್ತು. ಒಬ್ಬಳ ಎರಡು ಕಾಲು ಎರಡು ಉದ್ದ. ಎಡಕ್ಕೊಂದು ಬಲಕ್ಕೊಂದು ಎಂದು ಒಂದೊಂದು ಮಗುವಿಗೂ ಇಪ್ಪತ್ತೆರಡು ಅಳತೆ. ಅವಳು ಹೇಳಿದಳು, ಕ್ಲಿಕ್ಕಮ್ಮ ಬರೆದುಕೊಂಡಳು.

ಆದರೆ ಕಂಪ್ಯೂಟರ್ ತಕರಾರು ತೆಗೆಯಿತು. ಅದರ ಹೊಟ್ಟೆಯಲ್ಲಿದ್ದುದೆಲ್ಲ ನಿಂತ ಮೈಗಳೇ. ಹಿಂದುಗಡೆ ಎತ್ತರ, ಮುಂದುಗಡೆ ಗಿಡ್ಡ ಎಂದರೆ ಕೆಂಪು ಗೆರೆ ಎಳೆದು ತಪ್ಪು, ತಪ್ಪು ಎನ್ನುತ್ತಿತ್ತು.

"ಒಪ್ತಾನೇ ಇಲ್ಲ ಮಾಸ್ಟರಮ್ಮ," ಎಂದು ಕ್ಲಿಕ್ಕಮ್ಮ ತಲೆಯ ಮೇಲೆ ಕೈ ಹೊತ್ತಳು.

"ಅದಕ್ಕೆ ಕೂತು ಗೊತ್ತಿಲ್ಲ ಪಾಪ. ನಾವೇ ಕೂರ್ಸೋಣ. ನೀನು ಕುರ್ಚಿ ಮೇಲೆ ಕೂತ್ಕೋ, ಅಲ್ಲಾಡಬೇಡ."

ತೆಳುವಾದ ಹಳೆಯ ಬಟ್ಟೆಯನ್ನು ಕೂತವಳ ಸೊಂಟ, ತೊಡೆ, ಮಂಡಿಯ ಸುತ್ತ ಹೊದಿಸಿ, ಪಿನ್ನು ಚುಚ್ಚಿ, ಗೆರೆ ಎಳೆದಳು. ಬಿಚ್ಚಿ ಮೇಜಿನ ಮೇಲೆ ಹರಡಿದಾಗ ಪ್ಯಾಂಟಿನ ಆಕಾರವೇ ಅಲ್ಲ ಅದು, ಬಾಗಿದ ಬಾಳೆಹಣ್ಣು. ಕ್ಲಿಕ್ಕಮ್ಮ ಅದರ ಚಿತ್ರ ತೆಗೆದು ಪರದೆಗೆ ತಂದಳು. ಮಾಸ್ಟರಮ್ಮ ತಾನೇ ಮೌಸ್ ಹಿಡಿದು ಅಂಚಿನುದ್ದಕ್ಕೂ ಚುಕ್ಕೆ ಇಟ್ಟಳು. ಕೈ ನಡುಗಲಿಲ್ಲ. ಆಮೇಲೆ ಯಾವ ಅಂಕಿ ಬದಲಾದರೆ ಯಾವ ಚುಕ್ಕೆ ಎಷ್ಟು ಸರಿಯಬೇಕೆಂದು ಒಂದು ವಾರ ಇಬ್ಬರೂ ಕೂತು ಕಟ್ಟಿದರು. ಕೋಟಿಗೂ ಹಾಗೇ. ಒಂದು ಬೆಳಿಗ್ಗೆ ಬುಗುರಿಯ ಇಪ್ಪತ್ತೆರಡು ಅಂಕಿ ಕೊಟ್ಟು ಗುಂಡಿ ಒತ್ತಿದಾಗ, ಬುಗುರಿಯ ಪ್ಯಾಂಟು, ಬುಗುರಿಯ ಕೋಟು ಪರದೆಯ ಮೇಲೆ ಮೂಡಿ ನಿಂತವು. ಕೆಂಪು ಗೆರೆ ಒಂದೂ ಇಲ್ಲ.

ಅದನ್ನು ಮೊದಲು ಹೊಲಿದು, ಶಾಲೆಗೆ ಒಯ್ದು ಬುಗುರಿಗೆ ತೊಡಿಸಿ ನೋಡಿದರು. ಪ್ಯಾಂಟು ಅಚ್ಚುಕಟ್ಟು. ಜೇಬು ತೊಡೆಯ ಮೇಲೆ. ಕೋಟೂ ಚಂದವೇ. ಮುಖ್ಯೋಪಾಧ್ಯಾಯಿನಿ ಚಪ್ಪಾಳೆ ತಟ್ಟಿದರು. ಬುಗುರಿ ಮಾತ್ರ ಎರಡು ಸಲ ಗಾಲಿ ತಳ್ಳಿ ನಿಂತಳು. ಬೆನ್ನು ಬಿಗಿದು ಕೋಟು ಮೇಲಕ್ಕೇರಿತ್ತು.

"ಅಜ್ಜಿ, ನೀವು ನನ್ನ ಅಳತೆ ಸುಮ್ಮನೆ ಕೂತಾಗ ತಗೊಂಡ್ರಿ. ನಾನು ಸುಮ್ಮನೆ ಕೂರೋದೇ ಇಲ್ವಲ್ಲ."

ಉಳಿದದ್ದು ಹನ್ನೊಂದು ದಿನ. ಮೂವತ್ತೆಂಟು ಕೋಟಿನ ಮಾದರಿಯೂ ತಪ್ಪು. ಮೊದಲಿನ ಕಾಲವಾಗಿದ್ದರೆ ಮೂವತ್ತೆಂಟು ರಟ್ಟು ಹರಿದು ಒಲೆಗೆ ಹಾಕಿ, ಕ್ಷಮಿಸಿ ಎಂದು ಕೈ ಮುಗಿಯಬೇಕಿತ್ತು. ಮಾಸ್ಟರಮ್ಮ ಚೀಲದಿಂದ ಟೇಪು ತೆಗೆದಳು.

"ಸರಿ, ಹೋಗು. ಗಾಲಿ ತಳ್ಳು. ನಾನು ಜೊತೆಗೇ ಬರ್ತೀನಿ."

ಅಂದು ಮಧ್ಯಾಹ್ನ ಆ ಶಾಲೆಯ ಓಣಿಯಲ್ಲಿ ವಿಚಿತ್ರ ಮೆರವಣಿಗೆ. ಮಕ್ಕಳು ಒಬ್ಬೊಬ್ಬರಾಗಿ ಗಾಲಿ ತಳ್ಳಿಕೊಂಡು ಹೊರಟರೆ, ಮಂಡಿನೋವಿನ ಮಾಸ್ಟರಮ್ಮ ಬೆನ್ನಿಗೆ ಟೇಪು ಹಿಡಿದು ಹಿಂದಿಂದೆ ಓಡಿದಳು. ಮಕ್ಕಳು ಬೇಕೆಂದೇ ಜೋರಾಗಿ ಓಡಿಸಿದರು. "ನಿಧಾನ ಕಣ್ರೋ, ನಾನು ಬಿದ್ರೆ ನಿಮ್ಮ ಕೋಟು ಹೊಲಿಯೋರು ಯಾರು?" ಎಂದು ಕೂಗಿದಳು. ಸಂಜೆಗೆ ಮೂವತ್ತೆಂಟು ಹೊಸ ಅಂಕಿ ಸಿಕ್ಕವು. ತೋಳು ಮುಂದೆ ಚಾಚಿದಾಗ ಒಬ್ಬೊಬ್ಬರ ಬೆನ್ನು ಎರಡರಿಂದ ಮೂರು ಇಂಚು ಹಿಗ್ಗುತ್ತಿತ್ತು.

ಮಾರನೆಯ ಬೆಳಿಗ್ಗೆ ಬೆನ್ನಿಗೆ ಬಿಚ್ಚಿಕೊಳ್ಳುವ ಎರಡು ಮಡಿಕೆ ಸೇರಿಸಿ ಮೂಲ ಮಾದರಿಯನ್ನು ತಿದ್ದಿದಳು. ಕ್ಲಿಕ್ಕಮ್ಮ ಹೊಸ ಅಂಕಿಗಳನ್ನು ತುಂಬಿದಳು. ಒಂದು ಗಂಟೆ ಹತ್ತು ನಿಮಿಷ. ಪರದೆಯ ಮೇಲೆ ಮೂವತ್ತೆಂಟು ಕೋಟೂ ಸರಿಯಾಗಿ ಕೂತವು.

ಬಕಾಸುರ ಹೊಟ್ಟೆ ತುಂಬ ಉಂಡದ್ದು ಅಂದೇ. ಯಂತ್ರ ಗುರ್ ಎಂದದ್ದೇ ತಡ, ಹೊಲಿಗೆಯ ಹೆಂಗಸರೆಲ್ಲ ಎದ್ದು ಬಂದು ಸುತ್ತ ನಿಂತರು. ಅಲಗು ನೀಲಿ ಬಟ್ಟೆಯ ಮೇಲೆ ಮೀನಿನಂತೆ ಈಜಿತು. ಒಂದು ತುಂಡಿನ ಹಾಗೆ ಇನ್ನೊಂದಿಲ್ಲ. ಒಂದು ತೋಳು ಗಿಡ್ಡ, ಒಂದು ಉದ್ದ, ಒಂದು ಭುಜ ಏರು, ಒಂದು ಇಳಿಜಾರು. ಪ್ರತಿ ತುಂಡಿನ ಮೇಲೂ ಮಗುವಿನ ಸಂಖ್ಯೆ. ಮಧ್ಯಾಹ್ನದ ಊಟಕ್ಕೆ ಮೊದಲೇ ಎಲ್ಲ ಮುಗಿದಿತ್ತು. ಯಜಮಾನರು ಒಂದು ತೋಳನ್ನೆತ್ತಿ ತಿರುಗಿಸಿ ನೋಡಿ, "ಇದು ಇಷ್ಟೆಲ್ಲ ಮಾಡುತ್ತೆ ಅಂತ ಮಾರಿದವನೂ ಹೇಳಿರ್ಲಿಲ್ಲ," ಎಂದರು.

"ಅದು ಕೇಳಿದ್ದು ಮಾಡುತ್ತೆ ಯಜಮಾನ್ರೇ," ಎಂದಳು ಕ್ಲಿಕ್ಕಮ್ಮ. "ಕೇಳೋಕೆ ಗೊತ್ತಿರೋರು ಬೇಕಷ್ಟೆ."

ಇಪ್ಪತ್ತು ಹೊಲಿಗೆ ಯಂತ್ರಗಳು ಎಂಟು ದಿನ ಒಂದೇ ಸಮನೆ ಓಡಿದವು. ಜಿಪ್ಪಿನ ತುದಿಗೆ ಬೆರಳು ತೂರುವಷ್ಟು ದೊಡ್ಡ ಬಳೆ. ತೋಳಿನ ತುದಿ ಗಾಲಿಗೆ ತಾಗದ ಹಾಗೆ ಕಿರಿದು. ಕೂತ ಜಾಗದಲ್ಲಿ ಒತ್ತುವಂಥ ಹೊಲಿಗೆ ಒಂದೂ ಇಲ್ಲ.

ಕ್ರೀಡಾಕೂಟದ ಬೆಳಿಗ್ಗೆ ಶಾಲೆಯ ಸಭಾಂಗಣದಲ್ಲಿ ಬಟ್ಟೆ ಹಂಚಿದರು. ಬುಗುರಿ ಕೋಟನ್ನು ಮಡಿಲಲ್ಲಿ ಹರಡಿಕೊಂಡು ಒಂದು ತೋಳು ತೂರಿಸಿದಳು. ಅಭ್ಯಾಸಬಲದಿಂದ ಮುಖ್ಯೋಪಾಧ್ಯಾಯಿನಿಯ ಕೈ ಮುಂದೆ ಬಂತು.

"ಬೇಡ ಟೀಚರ್."

ಕೈ ಹಿಂದೆ ಸರಿಯಿತು. ಎರಡನೆಯ ತೋಳು ಸಿಕ್ಕಿತು, ತಪ್ಪಿತು, ಮತ್ತೆ ಸಿಕ್ಕಿತು. ಬುಗುರಿ ನಾಲಿಗೆಯ ತುದಿ ಕಚ್ಚಿಕೊಂಡು, ಭುಜ ಕುಣಿಸಿ, ಕೋಟನ್ನು ಮೈಮೇಲೆ ತಂದುಕೊಂಡಳು. ಬಳೆಗೆ ಬೆರಳು ತೂರಿಸಿ ಎಳೆದಳು. ಸರ್ರನೆ ಕತ್ತಿನವರೆಗೆ ಜಿಪ್ಪು ಬಂತು.

"ಆಯ್ತು!" ಎಂದು ಕಿರುಚಿದಳು. ಮೂವತ್ತೇಳು ಮಕ್ಕಳು ಒಟ್ಟಿಗೆ ಕಿರುಚಿದರು. ಗೋಡೆಗೆ ಆತು ನಿಂತಿದ್ದ ಕ್ಲಿಕ್ಕಮ್ಮ ಅಳುವುದಕ್ಕೇ ಶುರು ಮಾಡಿದಳು. ಮಾಸ್ಟರಮ್ಮ ಮಾತ್ರ ಅಳಲಿಲ್ಲ. ಕೋಟಿನ ಬೆನ್ನ ಹೊಲಿಗೆಯನ್ನು ಕಣ್ಣಿಟ್ಟು ನೋಡಿ, "ಹೂಂ, ಕೂತಿದೆ," ಎಂದಳು.

ಆಮೇಲೆ ಆದದ್ದನ್ನು ಇಲ್ಲೇ ಹೇಳಿಬಿಡಬಹುದು. ಒಂದು ತಿಂಗಳೊಳಗೆ ಇನ್ನೂ ಮೂರು ಶಾಲೆಗಳು, ಎರಡು ಆಸ್ಪತ್ರೆಗಳು ಕೇಳಿಕೊಂಡು ಬಂದವು. ಯಜಮಾನರು ಕೂತವರ ಬಟ್ಟೆಗೆಂದೇ ಒಂದು ವಿಭಾಗ ತೆರೆದರು. ಅದಕ್ಕೆ ಮಾಸ್ಟರಮ್ಮ, ಕ್ಲಿಕ್ಕಮ್ಮ ಇಬ್ಬರೂ ಒಡತಿಯರು. ಗುಂಡಿ ವಿಭಾಗಕ್ಕೆ ಬೇರೆಯವರನ್ನು ಹುಡುಕಬೇಕಾಯಿತು. ಗಡಿಯಾರದವರು ಸಣ್ಣ ಸ್ಪ್ರಿಂಗು ಹಾಕಿ ಒಂದೇ ಕೈಯಲ್ಲಿ ಮುಚ್ಚುವ ಗುಂಡಿ ಮಾಡಿಕೊಟ್ಟು, ಆರು ವರ್ಷದ ಮೇಲೆ ಮತ್ತೆ ಕೆಲಸಕ್ಕೆ ಹೊರಟರು.

ಆದರೆ ಆ ಬೆಳಿಗ್ಗೆ ಇದ್ಯಾವುದೂ ಇನ್ನೂ ಆಗಿರಲಿಲ್ಲ. ಮಾಸ್ಟರಮ್ಮ ಗಂಡನ ಪಕ್ಕದಲ್ಲಿ ಮೈದಾನದ ಮೆಟ್ಟಿಲ ಮೇಲೆ ಕೂತಿದ್ದಳು. ವಾದ್ಯ ಮೊಳಗಿತು. ಒಂದರ ಹಿಂದೊಂದು ಶಾಲೆ ಬಂತು, ಎಲ್ಲರೂ ಐದು ಸೈಜಿನವರು. ಕೊನೆಗೆ ಗೇಟಿನಿಂದ ನೀಲಿ ಸಾಲೊಂದು ಉರುಳಿ ಬಂತು. ಹೊದಿಕೆ ಇಲ್ಲ, ಗಂಟು ಇಲ್ಲ, ಮೇಲೇರಿದ ಕೋಟಿಲ್ಲ. ಮೂವತ್ತೆಂಟು ಬೆನ್ನುಗಳು ತೋಳು ಚಾಚಿದಾಗ ಹಿಗ್ಗಿದವು, ಎಳೆದುಕೊಂಡಾಗ ಮಡಿಕೆ ಕೂಡಿಕೊಂಡವು. ಮೈದಾನದ ಜನ ಎದ್ದು ನಿಂತರು. ತಿರುವಿನಲ್ಲಿ ಬುಗುರಿ ಸಾಲು ಬಿಟ್ಟು ಮುಂದೆ ಚಿಮ್ಮಿದಳು. ಮುಖ್ಯೋಪಾಧ್ಯಾಯಿನಿ "ಏ, ಸಾಲು, ಸಾಲು!" ಎಂದು ಕೂಗಿದ್ದು ಚಪ್ಪಾಳೆಯಲ್ಲಿ ಮುಳುಗಿಹೋಯಿತು. ಅವಳ ಹಿಂದೆ ಇನ್ನೊಬ್ಬ, ಮತ್ತೊಬ್ಬ, ಕೊನೆಗೆ ಇಡೀ ಸಾಲೇ ಓಟಕ್ಕೆ ಬಿತ್ತು.

ಮಾಸ್ಟರಮ್ಮ ಎದ್ದು ನಿಂತಳು. ಎರಡು ಬೆರಳು ಬಾಯಿಗಿಟ್ಟು, ಮೈದಾನದ ಆಚೆ ತುದಿಗೂ ಕೇಳುವ ಹಾಗೆ ಒಂದು ಶಿಳ್ಳೆ ಹೊಡೆದಳು.

ಗಡಿಯಾರದವರು ಬಾಯಿ ತೆರೆದು ಅವಳನ್ನೇ ನೋಡಿದರು. "ಮದುವೆ ಆಗಿ ಮೂವತ್ತಾರು ವರ್ಷ ಆಯ್ತು. ನಿನಗೆ ಶಿಳ್ಳೆ ಹೊಡೆಯೋಕೆ ಬರುತ್ತೆ ಅಂತ ಒಂದ್ಸಲನೂ ಹೇಳ್ಲಿಲ್ವಲ್ಲೇ!"

"ನೀವು ಕೇಳ್ಲಿಲ್ಲ," ಎಂದು ಮಾಸ್ಟರಮ್ಮ ಮತ್ತೆ ಬೆರಳು ಬಾಯಿಗಿಟ್ಟಳು.